ವರ್ಸೋವಾದಲ್ಲಿ ಕಂಡ ಎಳೆಯ ಕಡಲಕ್ಕಿ ಯಾವುದು? ರೆಕ್ಕೆ ಬಿಚ್ಚಿದ ಚಿತ್ರವಿಲ್ಲ

ಅಂಧೇರಿ ಅಲೆ · ಜನವರಿ 11, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಇಂದು ಬೆಳಿಗ್ಗೆ ಏಳೂವರೆಗೆ ಮುಂಬಯಿಯ ವರ್ಸೋವಾ ಕಡಲತೀರದಲ್ಲಿ ಮೀನು ದೋಣಿಗಳು ನಿಲ್ಲುವ ಕಡೆ ನಡೆದು ಹೋಗುತ್ತಿದ್ದೆ. ನೀರು ಇಳಿದಿತ್ತು. ಒದ್ದೆ ಮರಳಿನ ಮೇಲೆ ಇನ್ನೂರಕ್ಕೂ ಹೆಚ್ಚು ಕಡಲಕ್ಕಿಗಳು, ಅಂದರೆ ಗಲ್‌ಗಳು, ಕುಳಿತಿದ್ದವು. ಹೆಚ್ಚಿನವು ನಮಗೆಲ್ಲ ಪರಿಚಿತವಾದ ಕಂದುತಲೆಯವು, ಅಂದರೆ ಈಗಿನ ಚಳಿಗಾಲದ ವೇಷದಲ್ಲಿ ತಲೆ ಬಿಳಿಯಾಗಿ, ಕಿವಿಯ ಹತ್ತಿರ ಮಾತ್ರ ಒಂದು ಮಸುಕು ಚುಕ್ಕೆ ಉಳಿಸಿಕೊಂಡವು. ಅವುಗಳ ನಡುವೆ ಒಂದು ಹಕ್ಕಿ ಎದ್ದು ಕಾಣುತ್ತಿತ್ತು. ಗಾತ್ರ ಬಹಳ ದೊಡ್ಡದು. ಮೈಯೆಲ್ಲ ಕಂದು ಚುಕ್ಕೆ. ಸತ್ತ ಬೊಂಬಿಲ್ ಮೀನೊಂದನ್ನು ಕಾಲಿನಲ್ಲಿ ಒತ್ತಿಕೊಂಡು ಎಳೆಯುತ್ತಿತ್ತು. ಪಕ್ಕದಲ್ಲಿ ಕಾಯುತ್ತಿದ್ದ ಕಾಗೆ ಅದರ ಮುಂದೆ ಪುಟ್ಟದಾಗಿ ಕಂಡಿತು.

ಬೈನಾಕ್ಯುಲರ್‌ಗೆ ಮೊಬೈಲ್ ಹಿಡಿದು ಮೂರು ಚಿತ್ರ ತೆಗೆದೆ. ಮೂರರಲ್ಲೂ ಹಕ್ಕಿ ರೆಕ್ಕೆ ಮಡಚಿ ನಿಂತಿದೆ. ಆ್ಯಪ್‌ಗೆ ಹಾಕಿದರೆ ಮೊದಲ ಹೆಸರು ಪಲ್ಲಾಸ್ ಗಲ್ ಎಂದು ಬಂತು. ನಾನು ಇದುವರೆಗೆ ಪಲ್ಲಾಸ್ ನೋಡಿಲ್ಲ, ಖುಷಿಯಾಯಿತು. ಆದರೂ ಪಟ್ಟಿಯಲ್ಲಿ ಬರೆಯುವ ಮುನ್ನ ನಿಮ್ಮನ್ನು ಕೇಳಬೇಕು ಎನ್ನಿಸಿತು. ಹಕ್ಕಿ ನೋಡಲು ಶುರುಮಾಡಿ ಎರಡು ವರ್ಷವಾಯಿತು. ಆರೇ ಕಾಲೊನಿಯ ಕಾಡುಹಕ್ಕಿಗಳಲ್ಲಿ ಕೈ ಕುದುರಿದೆ, ಕಡಲಂಚಿಗೆ ಬಂದರೆ ಮಾತ್ರ ಕಲಿತದ್ದೆಲ್ಲ ಮರೆತಂತಾಗುತ್ತದೆ.

ಮುಲುಂಡ್ ನಿವೃತ್ತ · ಜನವರಿ 11, ರಾತ್ರಿ 10.15

ಅಭಿನಂದನೆ. ಚಿತ್ರ ನೋಡಿದೆ. ಕಂದುತಲೆ ಕಡಲಕ್ಕಿ ನಮ್ಮ ಊರ ಕಾಗೆಯಷ್ಟೇ ಉದ್ದವಿರುತ್ತದೆ, ನಲವತ್ತೆರಡು ಸೆಂಟಿಮೀಟರ್ ಆಸುಪಾಸು. ನಿಮ್ಮ ಹಕ್ಕಿ ಅದಕ್ಕಿಂತ ಎಷ್ಟೋ ದೊಡ್ಡದು. ನಮ್ಮ ತೀರಕ್ಕೆ ಬರುವ ಕಡಲಕ್ಕಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಪಲ್ಲಾಸ್. ನನ್ನ ಮತ ಅದಕ್ಕೇ.

ಐರೋಳಿ ಖಾರಿ · ಜನವರಿ 12, ಬೆಳಿಗ್ಗೆ 6.50

ಮುಲುಂಡ್ ರಾಯರ ಮಾತಿಗೆ ಅಡ್ಡ ಬರುತ್ತಿರುವುದಕ್ಕೆ ಕ್ಷಮೆಯಿರಲಿ, ಇಲ್ಲಿ ಗಾತ್ರವೊಂದನ್ನೇ ನಂಬಬಾರದು. ಮುಂಬಯಿ ತೀರದಲ್ಲಿ ದೊಡ್ಡ ಕಡಲಕ್ಕಿ ಎಂದರೆ ಪಲ್ಲಾಸ್ ಒಂದೇ ಅಲ್ಲ. ಹ್ಯೂಗ್ಲಿನ್ ಇದೆ, ಸ್ಟೆಪ್ಪಿ ಇದೆ, ಅಪರೂಪಕ್ಕೆ ಕ್ಯಾಸ್ಪಿಯನ್ ಕೂಡ ಇರಬಹುದು. ಸಣ್ಣ ಹಕ್ಕಿಗಳ ನಡುವೆ ನಿಂತಾಗ ಇವೆಲ್ಲವೂ ದೈತ್ಯರಂತೆಯೇ ಕಾಣುತ್ತವೆ.

ಜಾತಿ ಕೇಳುವ ಮುನ್ನ ವಯಸ್ಸು ಕೇಳಬೇಕು. ಸಣ್ಣ ಕಡಲಕ್ಕಿಗಳು ಸುಮಾರು ಎರಡನೆಯ ಚಳಿಗಾಲಕ್ಕೆ ದೊಡ್ಡವರ ವೇಷ ಧರಿಸುತ್ತವೆ. ದೊಡ್ಡವುಗಳಿಗೆ ಸುಮಾರು ನಾಲ್ಕು ವರ್ಷ ಬೇಕು, ಪ್ರತಿ ವರ್ಷವೂ ಬೇರೆಬೇರೆ ರೂಪ. ಅದರಲ್ಲೂ ನವೆಂಬರಿನಲ್ಲಿ ಹೊಸದಾಗಿ ಬಂದ ಹಕ್ಕಿ ಮಾರ್ಚ್ ಹೊತ್ತಿಗೆ ಬಿಸಿಲಿಗೆ ಬಣ್ಣಗೆಟ್ಟು, ಗರಿ ಸವೆದು, ಬೇರೆಯೇ ಹಕ್ಕಿಯಂತೆ ಕಾಣುತ್ತದೆ. ನಿಮ್ಮ ಚಿತ್ರದಲ್ಲಿ ರೆಕ್ಕೆಯ ತುದಿಗರಿಗಳು ಚೂಪಾಗಿವೆ, ಕಂದುಗಪ್ಪಾಗಿವೆ, ತುದಿಯಲ್ಲಿ ಬಿಳಿ ಬೊಟ್ಟುಗಳಿಲ್ಲ. ಬೆಳೆದ ಹಕ್ಕಿಯಲ್ಲಿ ಅವು ದುಂಡಗೆ, ತುದಿಯಲ್ಲಿ ಬಿಳಿ ಹೊತ್ತು ಇರುತ್ತವೆ. ಹಾಗಾಗಿ ಇದು ಕಳೆದ ಬೇಸಿಗೆಯಲ್ಲಿ ಹುಟ್ಟಿದ ಹಕ್ಕಿ, ಮೊದಲ ಚಳಿಗಾಲ ಕಳೆಯುತ್ತಿದೆ.

ಇನ್ನು ಪಲ್ಲಾಸ್. ಮೊದಲ ಚಳಿಗಾಲದಲ್ಲೇ ಅದು ಸಾಕಷ್ಟು ಸ್ಪಷ್ಟವಾದ ಹಕ್ಕಿ. ಕೊಕ್ಕು ಎರಡು ಬಣ್ಣದ್ದು, ಬುಡ ತಿಳಿ, ತುದಿ ಕಪ್ಪು. ಕಣ್ಣಿನ ಮೇಲೂ ಕೆಳಗೂ ಬಿಳಿ ಅರ್ಧಚಂದ್ರ. ಕಣ್ಣಿನ ಹಿಂದೆ ಕಪ್ಪು ಮಸಿ, ಅದು ಕತ್ತಿನ ಹಿಂಭಾಗಕ್ಕೆ ಶಾಲು ಹೊದ್ದಂತೆ ಇಳಿದಿರುತ್ತದೆ. ಹೊಟ್ಟೆ ಶುಭ್ರ ಬಿಳಿ. ಜನವರಿಯ ಹೊತ್ತಿಗೆ ಬೆನ್ನಿನ ಮೇಲೆ ಬೂದು ಗರಿಗಳು ಬಂದಿರುತ್ತವೆ. ಹಣೆ ಇಳಿಜಾರಾಗಿ ಉದ್ದನೆಯ ಕೊಕ್ಕಿಗೆ ಸೇರುತ್ತದೆ.

ಹೇಳಿ: ಕೊಕ್ಕು ಎಂಥದ್ದು? ಹೊಟ್ಟೆ ಎಂಥದ್ದು? ಕಣ್ಣಿನ ಸುತ್ತ ಏನು ಕಂಡಿತು? ಹಾರಿದಾಗ ಬಾಲ ನೋಡಿದಿರಾ? ಚಿತ್ರವನ್ನು ಮತ್ತೆ ನೋಡದೆ ಮೊದಲು ನೆನಪಿನಿಂದ ಬರೆಯಿರಿ.

ಅಂಧೇರಿ ಅಲೆ · ಜನವರಿ 12, ರಾತ್ರಿ 8.05

ಅಕ್ಕ, ಅಲ್ಲೇ ಮರಳಿನ ಮೇಲೆ ನಿಂತು ಟಿಪ್ಪಣಿ ಪುಸ್ತಕದಲ್ಲಿ ಬರೆದದ್ದು ಇದೆ, ಅದನ್ನೇ ಇಲ್ಲಿ ಹಾಕುತ್ತೇನೆ. "ಕೊಕ್ಕು ಬಹುತೇಕ ಕಪ್ಪು, ಬುಡದಲ್ಲಿ ಸ್ವಲ್ಪ ತಿಳಿ, ಗಡಿ ಸ್ಪಷ್ಟವಿಲ್ಲ. ತಲೆ ಬಿಳಿಚು, ಮೇಲೆ ಸಣ್ಣ ಗೆರೆಗಳು. ಕಾಲು ಮಾಸಲು ಗುಲಾಬಿ. ಎದೆ, ಹೊಟ್ಟೆ ಎರಡರ ಮೇಲೂ ಕಂದು ಮಚ್ಚೆ. ಬೆನ್ನು ಕಂದು, ಗರಿಗಳಿಗೆ ತಿಳಿ ಅಂಚು." ಕಣ್ಣಿನ ಬಿಳಿ ಅರ್ಧಚಂದ್ರದ ಬಗ್ಗೆ ಏನೂ ಬರೆದಿಲ್ಲ. ಬಾಲದ ಬಗ್ಗೆಯೂ ಇಲ್ಲ. ಹಕ್ಕಿ ಹಾರಿತು, ಆದರೆ ಆಗ ನಾನು ಮೊಬೈಲಿನಲ್ಲಿ ಚಿತ್ರ ಸರಿಯಾಗಿ ಬಂದಿದೆಯೇ ಎಂದು ನೋಡುತ್ತಿದ್ದೆ.

ಐರೋಳಿ ಖಾರಿ · ಜನವರಿ 12, ರಾತ್ರಿ 8.30

ಇಂಥ ಟಿಪ್ಪಣಿ ಇದ್ದರೆ ಅರ್ಧ ಕೆಲಸ ಮುಗಿದಂತೆ. ಹೊಟ್ಟೆಯಲ್ಲಿ ಮಚ್ಚೆ, ಕೊಕ್ಕು ಕಪ್ಪು, ಬೆನ್ನು ಕಂದು. ಪಲ್ಲಾಸ್ ಅಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ. ಯಾವುದು ಎಂದು ಇನ್ನೂ ಹೇಳುವುದಿಲ್ಲ. ರೆಕ್ಕೆ ಬಿಚ್ಚಿದ್ದು ಬೇಕು.

ಮುಂದಿನ ಭಾನುವಾರವೂ ಬೆಳಿಗ್ಗೆಯೇ ಹೋಗಿ. ವರ್ಸೋವಾ, ಜುಹೂ ಎರಡೂ ಪಶ್ಚಿಮಕ್ಕೆ ಮುಖ ಮಾಡಿವೆ, ಬೆಳಗಿನ ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ. ಸಂಜೆ ಹೋದರೆ ಬರೀ ಕಪ್ಪು ನೆರಳು. ಮುಂಬಯಿಯ ಪೂರ್ವ ದಡದ ಶಿವಡಿ ಇದಕ್ಕೆ ತಿರುವುಮುರುವು, ಅಲ್ಲಿಗೆ ಮಧ್ಯಾಹ್ನದ ನಂತರ ಹೋಗಬೇಕು.

ವಾಸ್ಕೊ ತೀರ · ಜನವರಿ 13, ಮಧ್ಯಾಹ್ನ 1.20

ಒಳ್ಳೆಯ ಚರ್ಚೆ ನಡೆಯುತ್ತಿದೆ, ನನ್ನದೂ ಒಂದು ಗಂಟು ಇದೆ, ಬಿಡಿಸಿ ಕೊಡಿ. ಗೋವಾದ ಮೊರ್ಜಿಯಲ್ಲಿ ಶಾಪೋರಾ ನದಿ ಸಮುದ್ರ ಸೇರುವ ಮರಳು ದಿಬ್ಬದ ಮೇಲೆ ಚಳಿಗಾಲವಿಡೀ ಕಡಲಕ್ಕಿಗಳ ಜಾತ್ರೆ. ನನಗೆ ದೊಡ್ಡವು ಬಿಡಿ, ಸಣ್ಣವೇ ಬಗೆಹರಿಯುತ್ತಿಲ್ಲ. ಕಂದುತಲೆಗೂ ಕರಿತಲೆಗೂ ವ್ಯತ್ಯಾಸ ಕಣ್ಣಿನಲ್ಲಿದೆ, ತಿಳಿ ಕಣ್ಣಿನದು ಕಂದುತಲೆ, ಕಪ್ಪು ಕಣ್ಣಿನದು ಕರಿತಲೆ ಎಂದು ಒಬ್ಬರು ಕಲಿಸಿಕೊಟ್ಟರು. ಆ ಲೆಕ್ಕದಲ್ಲಿ ಹೋದ ವಾರ ನೂರರಲ್ಲಿ ಮೂವತ್ತು ಕರಿತಲೆ ಎಣಿಸಿದೆ. ಅಷ್ಟೊಂದು ಇರಬಹುದೇ?

ಐರೋಳಿ ಖಾರಿ · ಜನವರಿ 13, ರಾತ್ರಿ 9.10

ಆ ಎಣಿಕೆಯನ್ನು ದಯವಿಟ್ಟು ತಡೆಹಿಡಿಯಿರಿ. ಕಣ್ಣಿನ ಸೂತ್ರ ಬೆಳೆದ ಹಕ್ಕಿಗೆ ಮಾತ್ರ ಸಲ್ಲುತ್ತದೆ. ಕಂದುತಲೆಯ ಎಳೆಯ ಹಕ್ಕಿಗೂ ಕಣ್ಣು ಕಪ್ಪೇ, ತಿಳಿಯಾಗುವುದು ಆಮೇಲೆ. ಈ ಒಂದು ತಪ್ಪಿನಿಂದ ನಾನೇ ಮೂರು ಚಳಿಗಾಲ ಠಾಣೆ ಖಾರಿಯಲ್ಲಿ (ಕಡಲಿನ ಕಿರುಕೊಲ್ಲಿ) ಕರಿತಲೆಗಳನ್ನು ಬೇಕಾಬಿಟ್ಟಿ ಬರೆದಿದ್ದೆ. ಚಿತ್ರಗಳಿದ್ದವಲ್ಲ, ಒಂದು ಮಳೆಗಾಲ ಕುಳಿತು ಒಂದೊಂದನ್ನೇ ತಿದ್ದಿದೆ.

ಕಿವಿಯ ಚುಕ್ಕೆ ಎರಡಕ್ಕೂ ಇದೆ. ಬಾಲದ ತುದಿಯ ಕಪ್ಪು ಪಟ್ಟಿ ಎರಡರ ಮರಿಗಳಿಗೂ ಇದೆ. ರೆಕ್ಕೆಯ ಮೇಲಿನ ಕಂದು ಛಾಯೆಯೂ ಎರಡಕ್ಕೂ ಇದೆ. ಇವನ್ನು ಎಷ್ಟು ಹೊತ್ತು ನೋಡಿದರೂ ವಯಸ್ಸು ತಿಳಿಯುತ್ತದೆ, ಜಾತಿ ತಿಳಿಯುವುದಿಲ್ಲ.

ನೋಡಬೇಕಾದದ್ದು ರೆಕ್ಕೆಯ ಹೊರ ಅರ್ಧ. ಹಕ್ಕಿ ಗಾಳಿಗೆ ಎದುರಾಗಿ ತೇಲುವಾಗ ಮೇಲ್ಭಾಗವನ್ನು ನೋಡಿ. ಕರಿತಲೆಯಾದರೆ ರೆಕ್ಕೆಯ ಮುಂಚೂಣಿಯ ಉದ್ದಕ್ಕೂ ಬಿಳಿ ಪಟ್ಟಿ, ತುದಿಯವರೆಗೆ ಚೂರಿಯ ಅಲಗಿನ ಹಾಗೆ ಹೊಳೆಯುತ್ತದೆ. ಕಪ್ಪು ಅದರ ಅಂಚಿಗೆ, ತುದಿಗೆ ಮಾತ್ರ. ಕಂದುತಲೆಯಾದರೆ ಹೊರಗಿನ ಗರಿಗಳು ಅಗಲವಾಗಿ ಕಪ್ಪು, ಮಸಿಯಲ್ಲಿ ಅದ್ದಿ ತೆಗೆದಂತೆ. ಬಿಳಿ ಇರುವುದು ಆ ಕಪ್ಪಿನ ಬುಡದಲ್ಲಿ, ಒಂದು ತೇಪೆಯಷ್ಟು. ಬೆಳೆದ ಕಂದುತಲೆಗೆ ಆ ಕಪ್ಪಿನೊಳಗೆ ಕನ್ನಡಿಯಂಥ ಬಿಳಿ ಚುಕ್ಕೆಗಳಿರುತ್ತವೆ, ಮರಿಗೆ ಇರುವುದಿಲ್ಲ. ಚುಕ್ಕೆ ಇಲ್ಲ ಎಂದು ಕಂದುತಲೆಯನ್ನು ತಳ್ಳಿಹಾಕಬೇಡಿ.

ಕುಳಿತ ಹಕ್ಕಿಯಾದರೆ ಮೈಕಟ್ಟು ಸ್ವಲ್ಪ ನೆರವಾಗುತ್ತದೆ. ಕಂದುತಲೆ ದಪ್ಪ ಕತ್ತಿನದು, ಕೊಕ್ಕು ಗಟ್ಟಿ. ಕರಿತಲೆ ನಾಜೂಕು. ಪಕ್ಕಪಕ್ಕ ನಿಂತರೆ ಗೊತ್ತಾಗುತ್ತದೆ, ಒಂಟಿಯಾಗಿ ನಿಂತರೆ ನನಗೂ ಕಷ್ಟ.

ಗೋವಾದಲ್ಲಿ ಮೂರನೆಯದೊಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಸಪೂರ ಕೊಕ್ಕಿನ ಕಡಲಕ್ಕಿ. ರೆಕ್ಕೆಯಲ್ಲಿ ಕರಿತಲೆಯಂತೆಯೇ ಬಿಳಿ ಪಟ್ಟಿ ಇರುತ್ತದೆ. ಆದರೆ ಕತ್ತು ಉದ್ದ, ಹಣೆ ಇಳಿಜಾರು, ಕೊಕ್ಕು ಉದ್ದ, ಕಿವಿಯ ಚುಕ್ಕೆ ಬಹಳ ಮಸುಕು ಅಥವಾ ಇಲ್ಲವೇ ಇಲ್ಲ. ಇಡೀ ಹಕ್ಕಿ ತೊಳೆದು ಒಣಗಿಸಿದಂತೆ ತಿಳಿಯಾಗಿ ಕಾಣುತ್ತದೆ.

ವಾಸ್ಕೊ ತೀರ · ಜನವರಿ 13, ರಾತ್ರಿ 9.45

ಮೂವತ್ತನ್ನೂ ಅಳಿಸಿದೆ. ಶನಿವಾರ ಮತ್ತೆ ಹೋಗಿ ರೆಕ್ಕೆ ಕಂಡವನ್ನಷ್ಟೇ ಎಣಿಸುತ್ತೇನೆ.

ಪುಣೆ ಕೆರೆದಂಡೆ · ಜನವರಿ 14, ಬೆಳಿಗ್ಗೆ 11.00

ಸಂಕ್ರಾಂತಿಯ ಶುಭಾಶಯಗಳು. ಮನಸ್ಸಿನಲ್ಲಿರುವುದನ್ನು ಕೇಳಿಬಿಡುತ್ತೇನೆ. ನಾನು ಪುಣೆ ಕಡೆಯ ಭಿಗ್ವಣ್‌ಗೆ ಪ್ರತಿ ವರ್ಷ ಹೋಗುತ್ತೇನೆ, ಉಜನಿ ಹಿನ್ನೀರಿಗೂ ಕಡಲಕ್ಕಿಗಳು ಬರುತ್ತವೆ. ದೋಣಿಯವರು ಮರಾಠಿಯಲ್ಲಿ ಎಲ್ಲಕ್ಕೂ ಕುರವ ಎನ್ನುತ್ತಾರೆ, ನನಗೂ ಅಷ್ಟು ಸಾಕು. ನೋಡಲು ಚೆಂದ, ಮನಸ್ಸು ತುಂಬುತ್ತದೆ. ಒಂದು ಗರಿಯ ಬಣ್ಣಕ್ಕೆ ಇಷ್ಟು ದಿನ ತಲೆ ಕೆಡಿಸಿಕೊಳ್ಳುವುದರಿಂದ ಸಿಗುವುದೇನು? ಹ್ಯೂಗ್ಲಿನ್, ಸ್ಟೆಪ್ಪಿ ಎರಡೂ ಬೇರೆ ಜಾತಿಯೋ ಅಲ್ಲವೋ ಎಂಬುದೇ ಬಲ್ಲವರಲ್ಲಿ ಇತ್ಯರ್ಥವಾಗಿಲ್ಲ ಎಂದು ಓದಿದ್ದೇನೆ.

ಮುಲುಂಡ್ ನಿವೃತ್ತ · ಜನವರಿ 14, ಸಂಜೆ 5.30

ಚೆಂದವೆಂದು ನೋಡುವುದರಲ್ಲಿ ಯಾವ ಕೊರತೆಯೂ ಇಲ್ಲ. ನಾನೂ ಮೂವತ್ತು ವರ್ಷ ಲೋಕಲ್ ರೈಲಿನ ಬಾಗಿಲಲ್ಲಿ ನಿಂತು ಠಾಣೆ ಖಾರಿಯ ಹಕ್ಕಿಗಳನ್ನು ಹಾಗೆಯೇ ನೋಡಿದವನು. ಆದರೆ ಒಂದು ಸಂಗತಿ ತಿಳಿದ ಮೇಲೆ ನನಗೆ ಹಾಗೆ ಬಿಡಲು ಆಗಲಿಲ್ಲ.

ಆ ಮರಳಿನ ಮೇಲೆ ಕುಳಿತವರು ಒಂದೇ ಊರಿನವರಲ್ಲ. ಕಂದುತಲೆ ಲಡಾಖ್, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ ಹುಟ್ಟಿದ್ದು. ಪಲ್ಲಾಸ್ ಮಧ್ಯ ಏಷ್ಯಾದ ಕೆರೆಗಳ ಮಗು. ಹ್ಯೂಗ್ಲಿನ್ ಹುಟ್ಟುವುದು ರಷ್ಯಾದ ಉತ್ತರದ ತುದಿಯಲ್ಲಿ, ಮರವೇ ಬೆಳೆಯದ ತಂಡ್ರಾದಲ್ಲಿ. ಸ್ಟೆಪ್ಪಿಯದು ಪಶ್ಚಿಮ ಸೈಬೀರಿಯಾ, ಉತ್ತರ ಕಜಾಕಸ್ತಾನದ ಹುಲ್ಲುಗಾವಲಿನ ಕೆರೆಗಳು. ಆರು ತಿಂಗಳ ಮರಿ ಅಷ್ಟು ದೂರದಿಂದ ಬಂದು ವರ್ಸೋವಾದಲ್ಲಿ ಬೊಂಬಿಲ್ ತಿನ್ನುತ್ತದೆ. ಎಲ್ಲಕ್ಕೂ ಒಂದೇ ಹೆಸರು ಬರೆದರೆ ನಾಳೆ ಇವರಲ್ಲಿ ಒಬ್ಬರು ಬರುವುದು ನಿಂತರೂ ನಮ್ಮ ಪಟ್ಟಿಯಲ್ಲಿ ಏನೂ ಕಾಣುವುದಿಲ್ಲ. ಅದರಲ್ಲೂ ಮರಿಗಳ ಸಂಖ್ಯೆ ಮುಖ್ಯ, ಆ ವರ್ಷ ಅಲ್ಲಿ ಎಷ್ಟು ಮರಿ ಬದುಕಿದವು ಎಂಬುದರ ಸುಳಿವು ಅದರಲ್ಲಿದೆ.

ಜಾತಿಯ ಪ್ರಶ್ನೆ ನೀವು ಹೇಳಿದಂತೆಯೇ. ಸ್ಟೆಪ್ಪಿಯನ್ನು ಹಿಂದೆ ಕ್ಯಾಸ್ಪಿಯನ್ ಜೊತೆ ಸೇರಿಸುತ್ತಿದ್ದರು. ಈಗ ಬಹುತೇಕ ಪಟ್ಟಿಗಳು ಹ್ಯೂಗ್ಲಿನ್, ಸ್ಟೆಪ್ಪಿ ಎರಡನ್ನೂ ಲೆಸ್ಸರ್ ಬ್ಲ್ಯಾಕ್‌ಬ್ಯಾಕ್ಡ್ ಗಲ್ ಎಂಬ ಒಂದೇ ಜಾತಿಯ ಉಪಜಾತಿಗಳೆನ್ನುತ್ತವೆ. ಪಟ್ಟಿ ಬದಲಾಗಬಹುದು, ಹಕ್ಕಿಯ ಊರು ಬದಲಾಗುವುದಿಲ್ಲ.

ಅಂಧೇರಿ ಅಲೆ · ಜನವರಿ 18, ಮಧ್ಯಾಹ್ನ 12.10

ಸಿಕ್ಕಿತು!

ಆರೂಮುಕ್ಕಾಲಿಗೇ ಹೋಗಿ ಕುಳಿತೆ. ಕಚೇರಿಯ ಸ್ನೇಹಿತರೊಬ್ಬರು ಒಳ್ಳೆಯ ಕ್ಯಾಮೆರಾ ತಂದಿದ್ದರು. ಹಕ್ಕಿ ಎಂಟು ಗಂಟೆಗೆ ಬಂತು. ಹೋದ ವಾರದ್ದೇ ಎಂದು ಹೇಳಲಾರೆ, ನೋಡಲು ಹಾಗೆಯೇ ಇತ್ತು. ಹಕ್ಕಿಯನ್ನು ಎಬ್ಬಿಸಬಾರದೆಂದು ಒಂದು ದೋಣಿಯ ಮರೆಯಲ್ಲಿ ಮರಳಿನ ಮೇಲೆ ಕುಳಿತೆವು. ಮುಕ್ಕಾಲು ಗಂಟೆ ಅದು ನಿಂತಲ್ಲೇ ನಿಂತಿತ್ತು. ಒಂದು ಸಲ ಆಕಳಿಸಿತು, ಒಂದು ಸಲ ಒಂದೇ ಪಕ್ಕದ ರೆಕ್ಕೆಯನ್ನೂ ಕಾಲನ್ನೂ ಹಿಂದಕ್ಕೆ ಚಾಚಿ ಮೈಮುರಿಯಿತು. ಅಷ್ಟರಲ್ಲಿ ಒಂದು ಹದ್ದು ತಗ್ಗಿನಲ್ಲಿ ಹಾದುಹೋಯಿತು, ಇಡೀ ಗುಂಪು ಎದ್ದಿತು. ಈ ಸಲ ನಾನು ಮೊಬೈಲ್ ಮುಟ್ಟಲಿಲ್ಲ. ಚಿತ್ರ ತೆಗೆಯುವ ಕೆಲಸವನ್ನು ಸ್ನೇಹಿತರಿಗೆ ಬಿಟ್ಟು ಬೈನಾಕ್ಯುಲರ್‌ನಲ್ಲಿ ಅದೊಂದನ್ನೇ ಹಿಂಬಾಲಿಸಿದೆ.

ಮೊದಲು ಕಂಡದ್ದು ಬಾಲ. ಸೊಂಟದ ಮೇಲೆ ಬಿಳಿ, ಅಲ್ಲಲ್ಲಿ ಕೆಲವೇ ಚುಕ್ಕೆ, ಅದರ ಮುಂದೆ ಅಗಲವಾದ ಕಪ್ಪು ಪಟ್ಟಿ. ರೆಕ್ಕೆಯ ಹೊರಗರಿಗಳು ಕಪ್ಪು. ಒಳಗಿನ ತುದಿಗರಿಗಳು ಅವಕ್ಕಿಂತ ತುಸು ತಿಳಿ, ಆದರೆ ಬೆಳಕು ಹಾಯುವ ಕಿಟಕಿಯಂತೆ ಕಾಣಲಿಲ್ಲ. ರೆಕ್ಕೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟಿಗಳು ಒಂದರ ಮುಂದೊಂದು. ಹಿಂದಿನದು ಹಾರುಗರಿಗಳದು, ಮುಂದಿನದು ಅವನ್ನು ಮುಚ್ಚುವ ದೊಡ್ಡ ಹೊದಿಕೆಗರಿಗಳದು. ರೆಕ್ಕೆಯ ಕೆಳಭಾಗ ಹೊಗೆ ಹಿಡಿದ ಕಂದು. ಆರು ಚಿತ್ರ ಹಾಕಿದ್ದೇನೆ, ನಾಲ್ಕನೆಯದು ಎಲ್ಲಕ್ಕಿಂತ ಸ್ಪಷ್ಟ.

ಮುಲುಂಡ್ ನಿವೃತ್ತ · ಜನವರಿ 18, ಮಧ್ಯಾಹ್ನ 12.40

ನನ್ನ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ, ಇದು ಪಲ್ಲಾಸ್ ಅಲ್ಲ. ಹೆಸರು ಹೇಳಿ ಆಮೇಲೆ ಹಕ್ಕಿ ನೋಡಿದೆ. ಅಲೆಯವರೇ, ನಿಮ್ಮ ವಿವರಣೆ ಚಿತ್ರಕ್ಕಿಂತ ಚೆನ್ನಾಗಿದೆ.

ಐರೋಳಿ ಖಾರಿ · ಜನವರಿ 18, ರಾತ್ರಿ 9.20

ಮನೆಯ ಕೆಲಸವೆಲ್ಲ ಮುಗಿಸಿ ದೊಡ್ಡ ಪರದೆಯಲ್ಲಿ ನೋಡಿದೆ. ಕ್ಯಾಸ್ಪಿಯನ್ ಆಗಿದ್ದರೆ ಕಂಕುಳು, ರೆಕ್ಕೆಯ ಕೆಳಭಾಗ ಬಿಳಿಚಾಗಿರಬೇಕಿತ್ತು, ಒಳಗಿನ ತುದಿಗರಿಗಳು ಕಿಟಕಿಯಂತೆ ತಿಳಿಯಾಗಿ ತೆರೆದುಕೊಳ್ಳಬೇಕಿತ್ತು, ಬೆನ್ನಿಗೆ ಈ ಹೊತ್ತಿಗೆ ಬೂದು ಬಂದಿರಬೇಕಿತ್ತು. ತಲೆ ಪುಟ್ಟದು, ಕೊಕ್ಕು ನೀಳ, ಕಾಲು ಉದ್ದ, ಆ ಕಟ್ಟೂ ಇದಕ್ಕಿಲ್ಲ. ಆದ್ದರಿಂದ ಅದನ್ನು ಬಿಡುತ್ತೇನೆ.

ಉಳಿದದ್ದು ಹ್ಯೂಗ್ಲಿನ್, ಸ್ಟೆಪ್ಪಿ. ಎರಡು ಕಪ್ಪು ಪಟ್ಟಿ, ಮಸಿಗಟ್ಟಿದ ಕೆಳರೆಕ್ಕೆ, ಕಿಟಕಿ ಇಲ್ಲದಿರುವುದು, ಇವೆಲ್ಲ ಹ್ಯೂಗ್ಲಿನ್ ಕಡೆಗೆ ಎಳೆಯುತ್ತವೆ. ಸ್ಟೆಪ್ಪಿ ಮರಿಗಳು ಸಾಮಾನ್ಯವಾಗಿ ಇದಕ್ಕಿಂತ ತಿಳಿ, ತಲೆ ಇನ್ನೂ ಬಿಳಿ. ಆದರೆ ಒಂದರ ಗಾಢ ಹಕ್ಕಿ, ಇನ್ನೊಂದರ ತಿಳಿ ಹಕ್ಕಿ ನಡುವೆ ಎಲ್ಲೋ ಒಂದುಗೂಡುತ್ತವೆ. ಆ ನಡುಜಾಗದಲ್ಲಿ ನಿಂತ ಮರಿಯನ್ನು ಒಂದು ಚಿತ್ರದಿಂದ ಬೇರ್ಪಡಿಸಲು ನಾನು ಒಪ್ಪುವುದಿಲ್ಲ. ನಿಮ್ಮದು ನಡುಜಾಗದ್ದಲ್ಲ, ಹ್ಯೂಗ್ಲಿನ್ ಎಂದು ನನ್ನ ಬಲವಾದ ಅಭಿಪ್ರಾಯ.

ಹಕ್ಕಿ ಪಟ್ಟಿ ದಾಖಲಿಸುವ ಜಾಲತಾಣ ಇಬರ್ಡ್‌ನಲ್ಲಿ ಹೇಗೆ ಬರೆಯಬೇಕು ಎಂದು ಕೇಳುತ್ತೀರಿ, ಗೊತ್ತು. ಈ ಹಕ್ಕಿಗೆ ಲೆಸ್ಸರ್ ಬ್ಲ್ಯಾಕ್‌ಬ್ಯಾಕ್ಡ್, ಅದರಡಿ ಹ್ಯೂಗ್ಲಿನ್. ಜೊತೆಗೆ ಆರು ಚಿತ್ರ, ನಿಮ್ಮ ಇದೇ ವಿವರಣೆ. ಹೋದ ವಾರದ ಹಕ್ಕಿಗೆ ಮಾತ್ರ ಬೇರೆ. ಅದರ ರೆಕ್ಕೆಯನ್ನೂ ಬಾಲವನ್ನೂ ನೀವು ನೋಡಿಲ್ಲ. ಅದೇ ಹಕ್ಕಿ ಇರಬಹುದು, ಇಲ್ಲದಿರಬಹುದು. ದೊಡ್ಡ ಗಲ್, ಜಾತಿ ಗೊತ್ತಿಲ್ಲ ಎಂದು ಬರೆಯುವ ಸೌಲಭ್ಯ ಅಲ್ಲಿದೆ, ಅದನ್ನು ಬಳಸಿ. ಅದು ಸೋಲಲ್ಲ. ಮುಂದೆ ಯಾರಾದರೂ ನಿಮ್ಮ ಚಿತ್ರ ತೆರೆದು ಹೆಸರು ಕೊಡಬಲ್ಲರು. ತಪ್ಪು ಹೆಸರು ಕೊಟ್ಟುಬಿಟ್ಟರೆ ಅದನ್ನು ತೆರೆದು ನೋಡುವವರೇ ಇರುವುದಿಲ್ಲ.

ಇನ್ನೊಂದು ಮಾತು, ಚಿತ್ರ ತೆಗೆದವರಿಗೆ. ಬಿಳಿ ಗರಿ ಸುಟ್ಟುಹೋಗದಂತೆ ಬೆಳಕನ್ನು ತುಸು ತಗ್ಗಿಸಿಕೊಳ್ಳಿ. ಬೂದು ಬಣ್ಣದ ಗಾಢತೆಯನ್ನು ಎಂದೂ ಮೊಬೈಲ್ ಚಿತ್ರದಿಂದ ಅಳೆಯಬೇಡಿ, ಮೋಡ ಬಂದರೆ ಒಂದು, ಬಿಸಿಲು ಬಂದರೆ ಇನ್ನೊಂದು. ಡಾಂಬರು, ಎಣ್ಣೆ ಅಂಟಿದ ಹಕ್ಕಿಗಳೂ ನಮ್ಮ ತೀರದಲ್ಲಿ ಸಿಗುತ್ತವೆ, ಹೊಟ್ಟೆಯ ಮೇಲಿನ ಕಪ್ಪು ಎಡಬಲ ಒಂದೇ ಸಮ ಇಲ್ಲದಿದ್ದರೆ ಅನುಮಾನಿಸಿ.

ಪುಣೆ ಕೆರೆದಂಡೆ · ಜನವರಿ 19, ಬೆಳಿಗ್ಗೆ 7.45

ನಾಲ್ಕನೆಯ ಚಿತ್ರವನ್ನು ನಾನೂ ಬಹಳ ಹೊತ್ತು ನೋಡಿದೆ. ಆ ಎರಡು ಪಟ್ಟಿ ಕಂಡಿತು. ಭಿಗ್ವಣ್‌ನ ಹಳೆಯ ಚಿತ್ರಗಳನ್ನು ಹೊರತೆಗೆದಿದ್ದೇನೆ, ಒಂದರಲ್ಲಿ ಕಣ್ಣಿನ ಮೇಲೂ ಕೆಳಗೂ ಬಿಳಿ ಅರ್ಧಚಂದ್ರವಿದೆ, ಕೊಕ್ಕು ಎರಡು ಬಣ್ಣ, ಬೆನ್ನು ಬೂದು. ಇದಾದರೂ ಪಲ್ಲಾಸ್ ತಾನೇ?

ಮುಲುಂಡ್ ನಿವೃತ್ತ · ಜನವರಿ 19, ಬೆಳಿಗ್ಗೆ 8.10

ಹೌದು. ಈ ಸಲ ನೋಡಿಯೇ ಹೇಳುತ್ತಿದ್ದೇನೆ. ಅದರ ವೈಜ್ಞಾನಿಕ ಹೆಸರಿಗೆ ಮೀನುಹದ್ದು ಎಂಬ ಅರ್ಥವಿದೆ, ಪಲ್ಲಾಸ್ ಎಂಬ ನಿಸರ್ಗ ವಿಜ್ಞಾನಿ 1773ರಲ್ಲಿ ಇಟ್ಟದ್ದು. ನಿಮ್ಮ ಚಿತ್ರದ ತಲೆ, ಕೊಕ್ಕು ನೋಡಿದರೆ ಏಕೆಂದು ತಿಳಿಯುತ್ತದೆ.

ವಾಸ್ಕೊ ತೀರ · ಜನವರಿ 24, ರಾತ್ರಿ 8.30

ಮೊರ್ಜಿಯ ಲೆಕ್ಕ: ರೆಕ್ಕೆಯ ಮೇಲ್ಭಾಗ ಸ್ಪಷ್ಟವಾಗಿ ಕಂಡ ಎಳೆಯ ಹಕ್ಕಿ 22. ಅದರಲ್ಲಿ ಕಂದುತಲೆ 19, ಕರಿತಲೆ 3. ಉಳಿದವನ್ನು ಸಣ್ಣ ಕಡಲಕ್ಕಿ ಎಂದಷ್ಟೇ ಬರೆದೆ.

ಕೇಳಬೇಕಾದದ್ದು ಇನ್ನೊಂದಿದೆ. ಕಳೆದ ತಿಂಗಳು ಗೇಟ್‌ವೇಯಿಂದ ಎಲಿಫೆಂಟಾ ದೋಣಿಯಲ್ಲಿ ಹೋದಾಗ ಜನ ಗಾಂಠಿಯಾ, ಚಿಪ್ಸ್ ಎಸೆಯುತ್ತಿದ್ದರು. ಹಕ್ಕಿಗಳು ಕೈಯಳತೆಯಲ್ಲಿ ಹಾರುತ್ತವೆ, ರೆಕ್ಕೆಯ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೂ ಮನಸ್ಸಿಗೆ ಹಿಂಸೆಯಾಯಿತು.

ಐರೋಳಿ ಖಾರಿ · ಜನವರಿ 24, ರಾತ್ರಿ 9.00

ಹಿಂಸೆಯಾಗಬೇಕಾದದ್ದೇ. ಕರಿದದ್ದು, ಉಪ್ಪು ತುಂಬಿದ್ದು ಅವುಗಳ ಆಹಾರವಲ್ಲ. ನಾವು ಎಸೆಯಬಾರದು, ಪಕ್ಕದವರಿಗೂ ಸೌಮ್ಯವಾಗಿ ಹೇಳಬೇಕು. ಎಸೆಯದಿದ್ದರೂ ದೋಣಿಯ ಹಿಂದೆ ಕಲಕಿದ ನೀರಿಗೆ ಅವು ಬರುತ್ತವೆ. ಹಿಂಬದಿಯ ಬೆಂಚಿನಲ್ಲಿ ಕುಳಿತುಕೊಳ್ಳಿ.

ಅಂಧೇರಿ ಅಲೆ · ಮಾರ್ಚ್ 8, ಬೆಳಿಗ್ಗೆ 10.30

ಎಲ್ಲರಿಗೂ ಮತ್ತೊಮ್ಮೆ. ಇಂದು ವರ್ಸೋವಾದಲ್ಲಿ ಕಂದುತಲೆಗಳ ಗುಂಪು ಅರ್ಧಕ್ಕೆ ಇಳಿದಿತ್ತು. ಬೆಳೆದವುಗಳ ತಲೆಗೆ ಕಂದು ಬಣ್ಣ ಏರುತ್ತಿದೆ, ಕೆಲವಕ್ಕೆ ಪೂರ್ತಿ ಟೊಪ್ಪಿಗೆ. ಎಳೆಯವುಗಳ ತಲೆ ಇನ್ನೂ ಬಿಳಿಯೇ, ರೆಕ್ಕೆಯ ಕಂದು ಮಾತ್ರ ಚಹಾದ ಕಲೆಯಷ್ಟು ಮಾಸಿದೆ.

ದೊಡ್ಡದೊಂದು ಇತ್ತು. ತಲೆ ಜನವರಿಯ ಹಕ್ಕಿಗಿಂತ ಬಹಳ ಬಿಳಿ, ಬೆನ್ನಿನಲ್ಲಿ ನಾಲ್ಕೈದು ಬೂದು ಗರಿ, ಕೊಕ್ಕಿನ ಬುಡ ತಿಳಿಗುಲಾಬಿ. ಹಳೆಯ ಗರಿಗಳು ಸವೆದು ಅಂಚು ಹರಿದ ಬಟ್ಟೆಯಂತಾಗಿವೆ. ಅದೇ ಹಕ್ಕಿ ಬದಲಾಗಿದೆಯೋ, ಬೇರೆ ಹಕ್ಕಿಯೋ, ಅಥವಾ ಇದು ಸ್ಟೆಪ್ಪಿಯೋ ನನಗೆ ತಿಳಿಯಲಿಲ್ಲ. ಇಪ್ಪತ್ತು ನಿಮಿಷ ಕಾದೆ, ರೆಕ್ಕೆ ಬಿಚ್ಚದೆ ನೀರಿನ ಮೇಲೆ ತೇಲಿಕೊಂಡು ದೋಣಿಗಳ ಆಚೆ ಹೋಯಿತು. ದೊಡ್ಡ ಗಲ್, ಮೊದಲ ಚಳಿಗಾಲ, 1 ಎಂದು ಬರೆದಿದ್ದೇನೆ. ಕುಳಿತ ಚಿತ್ರಗಳು ಕೆಳಗಿವೆ, ಅಕ್ಕ, ಬಿಡುವಾದಾಗ ನೋಡಿ.